ಕಡಿಮೆ ದುಡ್ಡಿಗೆ ದೊಡ್ಡ ಮಾನಿಟರ್: ಇಂಚು ನೋಡುವ ಮೊದಲು ಮೇಜು ಅಳೆಯಿರಿ

ಮಾನಿಟರ್ ಅಂಗಡಿಯಲ್ಲಿ ಮೊದಲು ಕೇಳುವುದು ಎರಡೇ ಮಾತು: ಎಷ್ಟು ಇಂಚು ಬೇಕು, ಎಷ್ಟು ದುಡ್ಡು ಇದೆ. ಈ ಎರಡಕ್ಕೆ ಮಾತ್ರ ಉತ್ತರ ಕೊಟ್ಟು ಕೊಂಡವರ ಮನೆಗೆ ಬಹಳ ಸಲ ಬಂದು ಕೂರುವುದು 32 ಇಂಚಿನ ಫುಲ್ ಎಚ್‌ಡಿ ಮಾನಿಟರ್. ಬೆಲೆ ಕಡಿಮೆ, ನೋಡಲು ಭರ್ಜರಿ. ಕೆಲಸಕ್ಕೆ ಕೂತ ಮೇಲೆ ಅಕ್ಷರಗಳ ಅಂಚು ಹಲ್ಲುಹಲ್ಲಾಗಿ ಕಾಣತೊಡಗುತ್ತದೆ, ಕಣ್ಣು ಬೇಗ ಸೋಲುತ್ತದೆ. ಪರದೆ ಹಿಗ್ಗಿದೆ, ಪಿಕ್ಸೆಲ್‌ಗಳು ಅಷ್ಟೇ ಇವೆ. 24 ಇಂಚಿನಲ್ಲಿ ಒತ್ತಾಗಿ ಕೂತಿದ್ದ ಅದೇ 1920 × 1080 ಚುಕ್ಕಿಗಳು ಇಲ್ಲಿ ಅಗಲವಾಗಿ ಹರಡಿಕೊಂಡಿರುತ್ತವೆ.

ಓದು, ಬರಹ, ಎಕ್ಸೆಲ್, ಕೋಡಿಂಗ್, ಪುಟವಿನ್ಯಾಸದಂಥ ಕೆಲಸಕ್ಕೆ 27 ಇಂಚು ಅಥವಾ ಅದಕ್ಕಿಂತ ದೊಡ್ಡ ಪರದೆಯನ್ನು ಹೆಚ್ಚುಕಡಿಮೆ 12 ಸಾವಿರದಿಂದ 25 ಸಾವಿರ ರೂಪಾಯಿಯೊಳಗೆ ಕೊಳ್ಳಬೇಕೆನ್ನುವವರಿಗಾಗಿ ಈ ಮಾರ್ಗದರ್ಶಿ. ಹೆಜ್ಜೆಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಿ. ಮಾದರಿ ಆರಿಸುವ ಕೆಲಸ ಕೊನೆಯದು.

1. ಮೇಜು ಮತ್ತು ಕಣ್ಣಿನ ನಡುವಿನ ದೂರ

ಒಂದು ಅಳತೆ ಟೇಪು ತೆಗೆದುಕೊಳ್ಳಿ. ನೀವು ಎಂದಿನಂತೆ ಕೂತಾಗ ಕಣ್ಣಿನಿಂದ ಪರದೆ ಇರುವ ಜಾಗಕ್ಕೆ ಎಷ್ಟು ದೂರ ಎಂದು ಬೇರೆಯವರಿಂದ ಅಳೆಸಿ. ನೀವೇ ಅಳೆದುಕೊಂಡರೆ ಬೆನ್ನು ನೆಟ್ಟಗಾಗಿ ಲೆಕ್ಕ ತಪ್ಪುತ್ತದೆ. ನಮ್ಮ ಮನೆಗಳ ಕಂಪ್ಯೂಟರ್ ಮೇಜು ಸಾಮಾನ್ಯವಾಗಿ ಎರಡು ಅಡಿ, ಅಂದರೆ 60 ಸೆಂ.ಮೀ. ಆಳ. ಅದರಲ್ಲಿ ಮಾನಿಟರ್‌ನ ಸ್ಟ್ಯಾಂಡ್ 20 ಸೆಂ.ಮೀ. ಆಸುಪಾಸು ನುಂಗುತ್ತದೆ. ನೀವು ಮೇಜಿನ ಅಂಚಿನಿಂದ ಹಿಂದಕ್ಕೆ ಕೂರುವ ಅಂತರವೂ ಸೇರಿ ಕಣ್ಣಿಗೂ ಪರದೆಗೂ 60ರಿಂದ 70 ಸೆಂ.ಮೀ. ಸಿಗುತ್ತದೆ. ಒಂದೂವರೆ ಅಡಿಯ ಸಣ್ಣ ಮೇಜಾದರೆ 50ಕ್ಕೆ ಇಳಿಯುತ್ತದೆ. ಅಂಥ ಮೇಜಿಗೆ 32 ಇಂಚು ತರಲೇಬೇಡಿ, ತಂದರೂ ಗೋಡೆಗೆ ಹಾಕಿ.

ಅಗಲವನ್ನೂ ನೋಡಿಕೊಳ್ಳಿ. 27 ಇಂಚಿನ ಪರದೆ ಸುಮಾರು 60 ಸೆಂ.ಮೀ. ಅಗಲ, 34 ಸೆಂ.ಮೀ. ಎತ್ತರ. 32 ಇಂಚು ಎಂದು ಮಾರುವ ಬಹುತೇಕ ಮಾನಿಟರ್‌ಗಳು ನಿಜಕ್ಕೂ 31.5 ಇಂಚು, ಅಗಲ 70, ಎತ್ತರ 39. ನಲವತ್ಮೂರು ಇಂಚಿನದು 95 ಸೆಂ.ಮೀ. ಅಗಲ. ಇದನ್ನು 65 ಸೆಂ.ಮೀ. ದೂರದಿಂದ ನೋಡಿದರೆ ಮೂಲೆಗಳನ್ನು ಓದಲು ಕತ್ತು ತಿರುಗಿಸಲೇಬೇಕು. ಹಳೆಯ ಪತ್ರಿಕೆಯನ್ನು ಅದೇ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ ಒಂದು ದಿನ ಅದರ ಎದುರು ಕೂತು ನೋಡಿ. ಅಂಗಡಿಯ ದೀಪದಡಿ ಹತ್ತು ನಿಮಿಷ ನಿಲ್ಲುವುದಕ್ಕಿಂತ ಇದು ಹೆಚ್ಚು ತಿಳಿಸುತ್ತದೆ.

2. ಪಿಕ್ಸೆಲ್ ಲೆಕ್ಕ

ಮುಖ್ಯವಾದ ಲೆಕ್ಕ ಇದೇ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎನ್ನುವುದನ್ನು ಪಿಪಿಐ ಎನ್ನುತ್ತಾರೆ. 16:9 ಆಕಾರದ ಯಾವುದೇ ಪರದೆಗೆ ಸುಲಭ ಸೂತ್ರವಿದೆ: ಇಂಚನ್ನು 0.87ರಿಂದ ಗುಣಿಸಿ, ಬಂದ ಸಂಖ್ಯೆಯಿಂದ ಅಡ್ಡ ಪಿಕ್ಸೆಲ್‌ಗಳನ್ನು ಭಾಗಿಸಿ. 32 ಇಂಚಿನ ಫುಲ್ ಎಚ್‌ಡಿಗೆ 1920 ಭಾಗಿಸು 27.8, ಅಂದರೆ 69. ಇನ್ನು 8700ನ್ನು ಈ ಪಿಪಿಐಯಿಂದ ಭಾಗಿಸಿದರೆ, ಸರಿಯಾದ ದೃಷ್ಟಿ ಇರುವವರಿಗೆ ಎಷ್ಟು ಸೆಂ.ಮೀ. ದೂರದಲ್ಲಿ ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣುವುದು ನಿಲ್ಲುತ್ತದೆ ಎಂಬುದು ಸಿಗುತ್ತದೆ.

24 ಇಂಚು ಫುಲ್ ಎಚ್‌ಡಿ: 92 ಪಿಪಿಐ, 95 ಸೆಂ.ಮೀ.
27 ಇಂಚು ಫುಲ್ ಎಚ್‌ಡಿ: 82 ಪಿಪಿಐ, 106 ಸೆಂ.ಮೀ.
32 ಇಂಚು ಫುಲ್ ಎಚ್‌ಡಿ: 69 ಪಿಪಿಐ, 126 ಸೆಂ.ಮೀ.
27 ಇಂಚು ಕ್ಯುಎಚ್‌ಡಿ (2560 × 1440): 109 ಪಿಪಿಐ, 80 ಸೆಂ.ಮೀ.
32 ಇಂಚು ಕ್ಯುಎಚ್‌ಡಿ: 92 ಪಿಪಿಐ, 95 ಸೆಂ.ಮೀ.
43 ಇಂಚು 4ಕೆ (3840 × 2160): 102 ಪಿಪಿಐ, 85 ಸೆಂ.ಮೀ.
32 ಇಂಚು 4ಕೆ: 138 ಪಿಪಿಐ, 63 ಸೆಂ.ಮೀ.
27 ಇಂಚು 4ಕೆ: 163 ಪಿಪಿಐ, 53 ಸೆಂ.ಮೀ.

ಪಿಕ್ಸೆಲ್ ಪೂರ್ತಿ ಮಾಯವಾಗಲೇಬೇಕು ಎಂದೇನಿಲ್ಲ. ವರ್ಷಗಟ್ಟಲೆ ಕಚೇರಿಗಳಲ್ಲಿ 24 ಇಂಚಿನ ಫುಲ್ ಎಚ್‌ಡಿ ಪರದೆಯ ಮುಂದೆ ಜನ ಕೆಲಸ ಮಾಡಿದ್ದಾರೆ. 90 ಪಿಪಿಐಯನ್ನು ಕೆಳಮಿತಿ ಎಂದಿಟ್ಟುಕೊಳ್ಳಿ. ಅದಕ್ಕಿಂತ ಕೆಳಗಿನದು ಸಿನಿಮಾ, ಸಿಸಿಟಿವಿ ನೋಡಲು ಸಾಕು. ದಿನಕ್ಕೆ ಎಂಟು ಗಂಟೆ ಅಕ್ಷರ ಓದುವ ಕೆಲಸಕ್ಕೆ ಸಾಲದು.

ಕನ್ನಡದಲ್ಲಿ ಓದುವವರು, ಬರೆಯುವವರು ಈ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ‘ರಾಷ್ಟ್ರೀಯ’, ‘ಶಾಸ್ತ್ರ’ದಂಥ ಪದಗಳಲ್ಲಿ ತಲೆಕಟ್ಟು, ಅಕ್ಷರದ ಒಡಲು, ಅದರ ಕೆಳಗೆ ಒತ್ತು, ಒತ್ತಿನ ಪಕ್ಕ ಇನ್ನೊಂದು ಒತ್ತು. ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸಿ ತೋರಿಸುವ ಪ್ರಮಾಣ) 100% ಇದ್ದಾಗ 11 ಪಾಯಿಂಟಿನ ಅಕ್ಷರಕ್ಕೆ ಸಿಗುವ ಒಟ್ಟು ಎತ್ತರ ಸುಮಾರು 15 ಪಿಕ್ಸೆಲ್. ಇಷ್ಟರಲ್ಲೇ ಎಲ್ಲವೂ ಹಿಡಿಯಬೇಕು. ಒತ್ತಿನ ಪಾಲಿಗೆ ಕೆಲವೇ ಪಿಕ್ಸೆಲ್. ದ-ಧ, ಪ-ಫ, ಬ-ಭ ಇವುಗಳ ವ್ಯತ್ಯಾಸವೆಲ್ಲ ಇರುವುದು ಕೆಳಗಿನ ಒಂದು ಸಣ್ಣ ಸೀಳಿನಲ್ಲಿ. ಪಿಕ್ಸೆಲ್ ಒರಟಾದರೆ ಮೊದಲು ಕಾಣೆಯಾಗುವುದು ಆ ಸೀಳೇ. ಕರಡು ತಿದ್ದುವವರಿಗೆ ಇದು ಸಣ್ಣ ವಿಷಯವಲ್ಲ. 4ಕೆ ಪರದೆಯಲ್ಲಿ ಸ್ಕೇಲಿಂಗ್ 150% ಇಟ್ಟರೆ ಅದೇ ಅಕ್ಷರಕ್ಕೆ 22 ಪಿಕ್ಸೆಲ್ ಸಿಗುತ್ತದೆ.

ಹಾಗಾದರೆ ಯಾವುದು? ಎರಡಡಿ ಮೇಜು, 20 ಸಾವಿರದೊಳಗಿನ ಬಜೆಟ್ ಇರುವ ಹೆಚ್ಚಿನವರಿಗೆ ನಮ್ಮ ಉತ್ತರ 27 ಇಂಚಿನ ಕ್ಯುಎಚ್‌ಡಿ. ಚಾಳೀಸು ಬಂದವರು, ಅಕ್ಷರ ದೊಡ್ಡದಾಗಿ ಬೇಕೆನ್ನುವವರು, 80 ಸೆಂ.ಮೀ.ಗಿಂತ ದೂರ ಕೂರುವವರು 32 ಇಂಚಿನ ಕ್ಯುಎಚ್‌ಡಿ ತೆಗೆದುಕೊಳ್ಳಬಹುದು. ಅದರಲ್ಲಿ ಅಕ್ಷರದ ಗಾತ್ರ 24 ಇಂಚಿನ ಫುಲ್ ಎಚ್‌ಡಿಯಷ್ಟೇ ಇರುತ್ತದೆ, ಜಾಗ ಮಾತ್ರ ಮುಕ್ಕಾಲು ಪಟ್ಟು ಹೆಚ್ಚು. ದಿನವಿಡೀ ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ಸ್ವಲ್ಪ ಜಗ್ಗಿಯಾದರೂ 27 ಇಂಚಿನ 4ಕೆಗೆ ಹೋಗುವುದು ಒಳ್ಳೆಯದು. ಮ್ಯಾಕ್ ಬಳಸುವವರಿಗೂ ಇದೇ ಮಾತು: 2018ರ ಮೊಹಾವೆ ಆವೃತ್ತಿಯಿಂದ ಆಪಲ್ ಅಕ್ಷರಗಳ ಅಂಚನ್ನು ಉಪಪಿಕ್ಸೆಲ್ (ಪ್ರತಿ ಪಿಕ್ಸೆಲ್ ಒಳಗಿನ ಕೆಂಪು, ಹಸಿರು, ನೀಲಿ ಚುಕ್ಕಿ) ಬಳಸಿ ನಯಗೊಳಿಸುವುದನ್ನು ಕೈಬಿಟ್ಟಿದೆ, ಆದ್ದರಿಂದ 110 ಪಿಪಿಐ ಪರದೆಯಲ್ಲಿ ಅಕ್ಷರ ಮಂಕಾಗಿ ಕಾಣುತ್ತದೆ.

ಅಲ್ಟ್ರಾವೈಡ್, ಅಂದರೆ ಮಾಮೂಲಿಗಿಂತ ಅಡ್ಡಕ್ಕೆ ಉದ್ದವಾದ ಪರದೆಯ ಬಗ್ಗೆ ಒಂದೇ ಮಾತು. 34 ಇಂಚಿನ 2560 × 1080 ಪರದೆ ಅಗ್ಗ, ಆದರೆ ಪಿಪಿಐ 82 ಮಾತ್ರ. ಅದು 27 ಇಂಚಿನ ಫುಲ್ ಎಚ್‌ಡಿಯ ಪಕ್ಕಕ್ಕೆ ಇನ್ನೊಂದು ತುಂಡು ಸೇರಿಸಿದಂತೆ. 3440 × 1440 ಇದ್ದರೆ ಮಾತ್ರ ಯೋಚಿಸಿ.

3. ನಿಮ್ಮ ಕಂಪ್ಯೂಟರ್ ಇದನ್ನು ಎಳೆಯುತ್ತದೆಯೇ?

ಮಾನಿಟರ್ ಬಂದ ಮೇಲೆ ‘4ಕೆ ಬರುತ್ತಿದೆ, ಆದರೆ ಮೌಸ್ ಎಳೆದಂತೆ ಓಡುತ್ತದೆ’ ಎಂಬ ದೂರು ತುಂಬ ಸಾಮಾನ್ಯ. ಕಾರಣ ಮಾನಿಟರ್ ಅಲ್ಲ, ಪೋರ್ಟ್. ಎಚ್‌ಡಿಎಂಐ 1.4 ಪೋರ್ಟ್ 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 60 ಹರ್ಟ್ಜ್ ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇ ಪೋರ್ಟ್ 1.2 ಬೇಕು. ಕ್ಯುಎಚ್‌ಡಿ ಇಷ್ಟು ಹಟ ಮಾಡುವುದಿಲ್ಲ, ಎಚ್‌ಡಿಎಂಐ 1.4ರಲ್ಲೇ 60 ಹರ್ಟ್ಜ್‌ನಲ್ಲಿ ಓಡುತ್ತದೆ. 100 ಹರ್ಟ್ಜ್ ಬೇಕೆಂದರೆ ಮಾತ್ರ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇ ಪೋರ್ಟ್ ಬಳಸಬೇಕಾಗುತ್ತದೆ.

ತೀರ ಹಳೆಯ ಯಂತ್ರಗಳಲ್ಲಿ ಇದೂ ಕಷ್ಟ. ಇಂಟೆಲ್‌ನ 2 ಮತ್ತು 3ನೇ ಪೀಳಿಗೆಯ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಎಚ್‌ಡಿಎಂಐ ಮೂಲಕ 1920 × 1200ಕ್ಕಿಂತ ಮೇಲೆ ಹೋಗುವುದಿಲ್ಲ. ಅಂಥ ಯಂತ್ರದಲ್ಲಿ ಡಿಸ್‌ಪ್ಲೇ ಪೋರ್ಟ್ ಇದ್ದರೆ ಕ್ಯುಎಚ್‌ಡಿ ಸಿಗುತ್ತದೆ. ವಿಜಿಎ ಮಾತ್ರ ಇರುವ ಕಂಪ್ಯೂಟರ್‌ಗೆ ದೊಡ್ಡ ಮಾನಿಟರ್ ಕೊಳ್ಳುವ ಮೊದಲು ಕಂಪ್ಯೂಟರನ್ನೇ ಬದಲಿಸುವುದು ಮೇಲು.

ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ರಂಧ್ರ ನೋಡಿ ಮೋಸಹೋಗಬೇಡಿ. ಎಲ್ಲ ಯುಎಸ್‌ಬಿ-ಸಿಯಲ್ಲೂ ಚಿತ್ರ ಹೊರಬರುವುದಿಲ್ಲ. ಪಕ್ಕದಲ್ಲಿ ಡಿಸ್‌ಪ್ಲೇ ಪೋರ್ಟ್‌ನ ಗುರುತು ಅಥವಾ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿಯ ವಿವರ ಓದಿ. ಅಗ್ಗದ ಸಿ-ಯಿಂದ-ಎಚ್‌ಡಿಎಂಐ ಡಾಂಗಲ್‌ಗಳಲ್ಲಿ ಅನೇಕವು 4ಕೆ 30 ಹರ್ಟ್ಜ್‌ಗೇ ನಿಲ್ಲುತ್ತವೆ. ಡಬ್ಬಿಯ ಮೇಲೆ ‘4ಕೆ 60 ಹರ್ಟ್ಜ್’ ಎಂದು ಸ್ಪಷ್ಟವಾಗಿ ಬರೆದಿರಬೇಕು. 4ಕೆಗೆ ಎಚ್‌ಡಿಎಂಐ ಕೇಬಲ್ ಬೇರೆ ಕೊಳ್ಳುವುದಾದರೆ ‘ಪ್ರೀಮಿಯಂ ಹೈ ಸ್ಪೀಡ್’ ದರ್ಜೆಯದು, ಎರಡು ಮೀಟರ್ ಒಳಗಿನದು ಸಾಕು. ಚಿನ್ನದ ಲೇಪವಿದೆ ಎಂದು ಹೆಚ್ಚು ದುಡ್ಡು ಕೊಡಬೇಕಿಲ್ಲ.

4. ಪ್ಯಾನಲ್ ಯಾವ ಜಾತಿ

ಈ ಬೆಲೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು: ಐಪಿಎಸ್ ಮತ್ತು ವಿಎ. ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಆದರೆ ಕಪ್ಪು ಪೂರ್ತಿ ಕಪ್ಪಲ್ಲ. ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ) ಸುಮಾರು 1000:1. ಕತ್ತಲ ಕೋಣೆಯಲ್ಲಿ ಮೂಲೆಗಳು ಬೂದು ಬಣ್ಣಕ್ಕೆ ಹೊಳೆಯುತ್ತವೆ. ವಿಎಯಲ್ಲಿ ಕಾಂಟ್ರಾಸ್ಟ್ 3000:1 ಆಸುಪಾಸು, ಸಿನಿಮಾಕ್ಕೆ ಚೆನ್ನ. ಅದರ ತೊಂದರೆ ಎರಡು. ಕಪ್ಪು ಹಿನ್ನೆಲೆಯಲ್ಲಿ ಪುಟ ಸ್ಕ್ರಾಲ್ ಮಾಡಿದಾಗ ಅಕ್ಷರಗಳ ಹಿಂದೆ ನೆರಳು ಎಳೆದುಕೊಂಡು ಬರುತ್ತದೆ. ಜೊತೆಗೆ ಪರದೆ ದೊಡ್ಡದಾದಷ್ಟೂ, ಹತ್ತಿರ ಕೂತಷ್ಟೂ ಅಂಚಿನ ಬಣ್ಣ ಮಸುಕಾಗುತ್ತದೆ. ದೊಡ್ಡ ಪರದೆಯನ್ನು ಹತ್ತಿರದಿಂದ ನೋಡುವಾಗ ಅದರ ಅಂಚುಗಳನ್ನು ನೀವು ಓರೆಯಾಗಿಯೇ ನೋಡುತ್ತಿರುತ್ತೀರಿ ಎಂಬುದನ್ನು ನೆನಪಿಡಿ. ಅಕ್ಷರದ ಕೆಲಸಕ್ಕೆ ಐಪಿಎಸ್ ಆರಿಸಿ. ಟಿಎನ್ ಎಂಬ ಹಳೆಯ, ಅಗ್ಗದ ಜಾತಿಯ ಪ್ಯಾನಲ್ 27 ಇಂಚಿನಲ್ಲಿ ಯಾವ ಬೆಲೆಗೆ ಸಿಕ್ಕರೂ ಬೇಡ.

ಹೊಳಪು 250 ನಿಟ್ಸ್ ಇದ್ದರೆ ಮನೆಯೊಳಗೆ ಸಾಕು. ಮೇಜು ದೊಡ್ಡ ಕಿಟಕಿಯ ಪಕ್ಕದಲ್ಲಿದ್ದರೆ 300ರಿಂದ 350 ಹುಡುಕಿ. ಪರದೆ ಮ್ಯಾಟ್ ಆಗಿರಲಿ.

5. ಡಬ್ಬಿಯ ಮೇಲಿನ ದೊಡ್ಡ ಅಕ್ಷರಗಳಿಗೆ ದುಡ್ಡು ಕೊಡಬೇಡಿ

‘ಎಚ್‌ಡಿಆರ್ 10 ಬೆಂಬಲ’ ಎಂದರೆ ಮಾನಿಟರ್ ಆ ಸಂಕೇತವನ್ನು ಸ್ವೀಕರಿಸುತ್ತದೆ ಎಂದಷ್ಟೇ. ಅದನ್ನು ತೋರಿಸಲು ಬೇಕಾದ ಹೊಳಪಾಗಲೀ, ಪರದೆಯ ಒಂದೊಂದು ಭಾಗದ ಬೆಳಕನ್ನು ಪ್ರತ್ಯೇಕವಾಗಿ ತಗ್ಗಿಸುವ ವ್ಯವಸ್ಥೆಯಾಗಲೀ ಈ ಬೆಲೆಯಲ್ಲಿ ಇರುವುದಿಲ್ಲ. ‘1 ಎಂಎಸ್ ಎಂಪಿಆರ್‌ಟಿ’ ಎನ್ನುವುದು ಚಲಿಸುವ ಚಿತ್ರ ಮಸುಕಾಗದಂತೆ ಹಿಂಬೆಳಕನ್ನು ಮಿಟುಕಿಸಿ ಪಡೆದ ಅಂಕಿ. ಅದನ್ನು ಚಾಲೂ ಮಾಡಿದರೆ ಹೊಳಪು ಇಳಿಯುತ್ತದೆ. ಲಕ್ಷಗಟ್ಟಲೆ ಹೇಳುವ ‘ಡೈನಾಮಿಕ್ ಕಾಂಟ್ರಾಸ್ಟ್’ಗೆ ಅರ್ಥವೇ ಇಲ್ಲ. ಒಳಗಿನ ಸ್ಪೀಕರ್ ವಿಡಿಯೊ ಕರೆಗೆ ಆದೀತು. ಹರ್ಟ್ಜ್ 75 ಅಥವಾ 100 ಇದ್ದರೆ ಸ್ಕ್ರಾಲಿಂಗ್ ಹಿತವಾಗಿರುತ್ತದೆ ನಿಜ. ಆದರೆ 165 ಹರ್ಟ್ಜ್‌ನ ಫುಲ್ ಎಚ್‌ಡಿ ಮತ್ತು 75 ಹರ್ಟ್ಜ್‌ನ ಕ್ಯುಎಚ್‌ಡಿ ಒಂದೇ ಬೆಲೆಗಿದ್ದರೆ, ಆಟವೇ ಮುಖ್ಯವಲ್ಲದವರು ಎರಡನೆಯದನ್ನೇ ತೆಗೆದುಕೊಳ್ಳಬೇಕು.

ದುಡ್ಡು ಹಾಕಬೇಕಾದ್ದು ಸ್ಟ್ಯಾಂಡಿಗೆ. ಅಗ್ಗದ ಮಾದರಿಗಳ ಸ್ಟ್ಯಾಂಡ್ ಹಿಂದೆ ಮುಂದೆ ಬಾಗುತ್ತದೆಯೇ ಹೊರತು ಏರುವುದಿಲ್ಲ, ಇಳಿಯುವುದಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರಬೇಕು. 39 ಸೆಂ.ಮೀ. ಎತ್ತರದ ಪರದೆ ಇನ್ನೂ ಮೇಲೆ ಕೂತರೆ ಗದ್ದ ಎತ್ತಿ ಓದಬೇಕಾಗುತ್ತದೆ, ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತದೆ. ಚಾಳೀಸಿನ ಕನ್ನಡಕದವರಿಗಂತೂ ಇದು ದಿನನಿತ್ಯದ ಹಿಂಸೆ. ಎತ್ತರ ಬದಲಿಸುವ ಸ್ಟ್ಯಾಂಡ್ ಇಲ್ಲದ ಮಾದರಿ ಕೊಳ್ಳುವುದಾದರೆ ಹಿಂಬದಿಯಲ್ಲಿ 75 ಅಥವಾ 100 ಮಿ.ಮೀ. ಅಂತರದ ವೆಸಾ ರಂಧ್ರಗಳು (ಆರ್ಮ್ ಬಿಗಿಯುವ ಸ್ಕ್ರೂ ರಂಧ್ರಗಳು) ಇವೆಯೇ ನೋಡಿ, ಮೇಜಿಗೆ ಬಿಗಿಯುವ ಆರ್ಮ್ ಹಾಕಿ. ಸ್ಟ್ಯಾಂಡ್ ಬಿಟ್ಟು ಮಾನಿಟರ್‌ನ ತೂಕ ಎಷ್ಟೆಂದು ನೋಡಿ ಆರ್ಮ್ ಆರಿಸಿ. ಸ್ಕ್ರೂ ಸಾಮಾನ್ಯವಾಗಿ ಎಂ4, 10 ಮಿ.ಮೀ. ಉದ್ದದ್ದು, ರಂಧ್ರಗಳು ಒಳಸರಿದಿದ್ದರೆ ಇನ್ನೂ ಉದ್ದದ ಸ್ಕ್ರೂ ಮತ್ತು ಸ್ಪೇಸರ್ ಬೇಕು. ಗಾಜಿನ ಮೇಜಿಗೆ ಆರ್ಮ್ ಬಿಗಿಯಬೇಡಿ. ತೆಳು ಪಾರ್ಟಿಕಲ್ ಬೋರ್ಡ್ ಆದರೆ ಮೇಲೂ ಕೆಳಗೂ ಪ್ಲೈವುಡ್ ತುಂಡು ಕೊಟ್ಟು ಬಿಗಿಯಿರಿ, ಇಲ್ಲದಿದ್ದರೆ ಬೋರ್ಡ್ ಕುಸಿಯುತ್ತದೆ.

6. ಟಿವಿಯನ್ನೇ ಮಾನಿಟರ್ ಮಾಡಬಹುದೇ?

32 ಇಂಚಿನ ‘ಎಚ್‌ಡಿ ರೆಡಿ’ ಟಿವಿ 1366 × 768, ಅಂದರೆ 49 ಪಿಪಿಐ. ಆ ಆಸೆ ಬಿಡಿ. 43 ಇಂಚಿನ 4ಕೆ ಟಿವಿ ಮಾತ್ರ ನಿಜವಾಗಿ ಪರಿಗಣಿಸಬೇಕಾದದ್ದು, ಅದೂ 85ರಿಂದ 100 ಸೆಂ.ಮೀ. ದೂರ ಸಿಗುವ ಆಳದ ಮೇಜಿದ್ದರೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ, ಮಾನಿಟರ್‌ಗಳ ಜಿಎಸ್‌ಟಿ 28%ನಿಂದ 18%ಗೆ ಇಳಿದ ಮೇಲೆ ಈ ದಾರಿಯ ಸೆಳೆತ ಹೆಚ್ಚಿದೆ.

ಕೊಳ್ಳುವ ಮುನ್ನ ನಿಮ್ಮದೇ ಲ್ಯಾಪ್‌ಟಾಪ್ ಒಯ್ದು ಅಂಗಡಿಯಲ್ಲೇ ಜೋಡಿಸಿ ನೋಡಿ. ಅನೇಕ ಟಿವಿಗಳು ಬಣ್ಣದ ಮಾಹಿತಿಯನ್ನು ಅರ್ಧಕ್ಕೋ ಕಾಲಿಗೋ ಇಳಿಸಿ ತೋರಿಸುತ್ತವೆ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ಅಕ್ಷರದಲ್ಲಿ ಎದ್ದು ಕಾಣುತ್ತದೆ. ನೀಲಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ ನಾಲ್ಕು ಸಾಲು ಕನ್ನಡ ಬರೆದು ನೋಡಿ: ಒತ್ತುಗಳು ಕಲಸಿಹೋದರೆ ಟಿವಿಯ ಇನ್‌ಪುಟ್ ಹೆಸರನ್ನು ‘ಪಿಸಿ’ ಎಂದು ಬದಲಿಸಿ ಅಥವಾ ಗೇಮ್, ಗ್ರಾಫಿಕ್ಸ್ ಮೋಡ್‌ಗೆ ಹಾಕಿ. ಆಗಲೂ ಸರಿಹೋಗದಿದ್ದರೆ ಆ ಟಿವಿ ಬೇಡ. ಕೆಲವು ಅಗ್ಗದ 4ಕೆ ಪ್ಯಾನಲ್‌ಗಳಲ್ಲಿ ಕೆಂಪು, ಹಸಿರು, ನೀಲಿಯ ನಡುವೆ ಬಿಳಿ ಉಪಪಿಕ್ಸೆಲ್ ಸೇರಿಸಿರುತ್ತಾರೆ. ಅಂಥದ್ದರಲ್ಲಿ ಯಾವ ಮೋಡ್ ಹಾಕಿದರೂ ಅಕ್ಷರ ತಿದ್ದುಕೊಳ್ಳುವುದಿಲ್ಲ. ಕಂಪ್ಯೂಟರ್ ನಿದ್ದೆಯಿಂದ ಎದ್ದಾಗ ಟಿವಿ ತಾನಾಗಿ ಏಳದೆ ಪ್ರತಿಸಲ ರಿಮೋಟ್ ಹುಡುಕಬೇಕಾಗುವುದೂ ಇದೆ. ಬಹುತೇಕ ಬ್ರ್ಯಾಂಡ್ ಮಾನಿಟರ್‌ಗಳಿಗೆ 3 ವರ್ಷ ವಾರಂಟಿ, ಟಿವಿಗಳಿಗೆ ಸಾಮಾನ್ಯವಾಗಿ 1 ವರ್ಷ.

7. ಹಳೆಯದು, ಆದರೆ ಒಳ್ಳೆಯದು

ಬಜೆಟ್ 10 ಸಾವಿರದ ಆಸುಪಾಸಿದ್ದರೆ ಹೊಸ ಫುಲ್ ಎಚ್‌ಡಿಗಿಂತ ಕಚೇರಿಗಳಿಂದ ಹೊರಬಂದ 27 ಇಂಚಿನ ಕ್ಯುಎಚ್‌ಡಿ ಮೇಲು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಐಟಿ ಕಂಪನಿಗಳ ಡೆಲ್, ಎಚ್‌ಪಿ ಮಾನಿಟರ್‌ಗಳು ರೀಫರ್ಬಿಶ್ಡ್ ಆಗಿ ಸಿಗುತ್ತವೆ. ಅವುಗಳ ಸ್ಟ್ಯಾಂಡ್ ಈಗಿನ ಅಗ್ಗದ ಹೊಸ ಮಾನಿಟರ್‌ಗಳಿಗಿಂತ ಎಷ್ಟೋ ಗಟ್ಟಿ: ಏರುತ್ತದೆ, ತಿರುಗುತ್ತದೆ, ಪರದೆಯನ್ನು ನಿಲುವಾಗಿ ನಿಲ್ಲಿಸಲೂ ಬರುತ್ತದೆ.

ಹಿಂಬದಿಯ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಎಲ್‌ಇಡಿ ಬರುವ ಮುಂಚಿನ, ಟ್ಯೂಬ್ ಹಿಂಬೆಳಕಿನ ಮಾದರಿಗಳು ಬಿಸಿಯಾಗುತ್ತವೆ, ಕರೆಂಟು ಹೆಚ್ಚು ತಿನ್ನುತ್ತವೆ, ಅವು ಬೇಡ. ಪರದೆಯನ್ನು ಪೂರ್ತಿ ಬಿಳಿ ಮಾಡಿ ಹಳದಿ ಮಚ್ಚೆಗಳಿವೆಯೇ, ನಡುಬೂದು ಮಾಡಿ ಹಳೆಯ ಟಾಸ್ಕ್‌ಬಾರ್‌ನ ಅಚ್ಚು ಉಳಿದಿದೆಯೇ ನೋಡಿ. ಅರ್ಧ ಗಂಟೆಯಾದರೂ ಚಾಲೂ ಇಡಿ. ಹಿಂಬೆಳಕಿನ ಮತ್ತು ಪವರ್ ಬೋರ್ಡಿನ ದೋಷಗಳು ಬಿಸಿಯಾದ ಮೇಲೆಯೇ ತಲೆ ಎತ್ತುತ್ತವೆ. ಸ್ಟ್ಯಾಂಡ್ ಮತ್ತು ಕೇಬಲ್ ಸೇರಿಸಿಯೇ ಬೆಲೆ ಮಾತಾಡಿ, ಬಿಲ್ಲಿನ ಮೇಲೆ ವಾರಂಟಿ ಬರೆಸಿಕೊಳ್ಳಿ. ಊರಿಗೆ ಒಯ್ಯುವಾಗ ಮಾನಿಟರ್ ನಿಂತೇ ಇರಲಿ. ಮಲಗಿಸಿ ಮೇಲೆ ಬ್ಯಾಗ್ ಇಟ್ಟರೆ ಗಾಜು ಒಳಗೇ ಬಿರುಕು ಬಿಡುತ್ತದೆ.

8. ಡಬ್ಬಿ ಬಂದ ದಿನ

ಆನ್‌ಲೈನ್‌ನಲ್ಲಿ ತರಿಸಿದ್ದರೆ ಸೀಲ್ ಕಾಣುವಂತೆ ತಡೆಯಿಲ್ಲದೆ ವಿಡಿಯೊ ತೆಗೆಯುತ್ತ ಬಿಚ್ಚಿ. ಬದಲಿ ಮಾತ್ರ ಕೊಡುತ್ತಾರೋ ಹಣವೂ ವಾಪಸ್ಸೋ, ಎಷ್ಟು ದಿನದೊಳಗೆ ಎಂಬುದನ್ನು ಕೊಳ್ಳುವ ಮುಂಚೆಯೇ ಓದಿರಿ. ಪರದೆಯನ್ನು ಬೆರಳಲ್ಲಿ ಹಿಡಿದು ಎತ್ತಬೇಡಿ, ಚೌಕಟ್ಟನ್ನು ಹಿಡಿಯಿರಿ.

ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ — ಒಂದೊಂದು ಬಣ್ಣವನ್ನೂ ಪರದೆ ತುಂಬ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಒಂದೆರಡು ಚುಕ್ಕಿಗೆ ಕಂಪನಿಗಳು ವಾರಂಟಿ ಕೊಡದಿರಬಹುದು, ಹಾಗಾಗಿ ಅಂಗಡಿಯ ಬದಲಿ ಅವಧಿಯೊಳಗೇ ದೂರು ಕೊಡಬೇಕು. ಕತ್ತಲಲ್ಲಿ ಕಪ್ಪು ಪರದೆ ಹಾಕಿ ಅಂಚುಗಳಿಂದ ಬೆಳಕು ಸೋರುತ್ತದೆಯೇ ಪರೀಕ್ಷಿಸಿ. ತಲೆ ಸರಿಸಿದಂತೆ ಜಾಗ ಬದಲಿಸುವ ಹೊಳಪು ಐಪಿಎಸ್‌ನ ಗುಣ. ತಲೆ ಸರಿಸಿದರೂ ಒಂದೇ ಕಡೆ ಗಟ್ಟಿಯಾಗಿ ನಿಂತದ್ದು ಸೋರಿಕೆ. ಅದಕ್ಕೆ ಬದಲಿ ಕೇಳಿ.

ಹೊಳಪನ್ನು 20%ಗೆ ಇಳಿಸಿ ಮೊಬೈಲ್ ಕ್ಯಾಮೆರಾದಲ್ಲಿ ಶಟರ್ ವೇಗ ಹೆಚ್ಚಿಸಿ ನೋಡಿ. ದಪ್ಪ ಕಪ್ಪು ಪಟ್ಟೆಗಳು ಓಡಿದರೆ ಹಿಂಬೆಳಕು ಮಿಟುಕುತ್ತಿದೆ ಎಂದರ್ಥ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ.

9. ಹೊಂದಿಸುವುದು

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ರೆಸಲ್ಯೂಷನ್ ಮಾನಿಟರ್‌ನ ಪೂರ್ಣ ಅಳತೆಗೆ ಇಡಿ. ಅಕ್ಷರ ಚಿಕ್ಕದಾಯಿತೆಂದು ರೆಸಲ್ಯೂಷನ್ ಇಳಿಸಿದರೆ ಕೊಟ್ಟ ದುಡ್ಡೆಲ್ಲ ನೀರುಪಾಲು; ಅದಕ್ಕಿರುವುದು ಸ್ಕೇಲಿಂಗ್. ಕ್ಯುಎಚ್‌ಡಿಗೆ 100% ಅಥವಾ 125%, 4ಕೆಗೆ 150% ಸರಿ. ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ಯಲ್ಲಿ ಹರ್ಟ್ಜ್ ಎಷ್ಟಿದೆ ನೋಡಿ, 100 ಹರ್ಟ್ಜ್ ಮಾನಿಟರ್ 60ರಲ್ಲೇ ಓಡುತ್ತಿರುವುದು ತುಂಬ ಸಾಮಾನ್ಯ. ನಂತರ ‘ಕ್ಲಿಯರ್‌ಟೈಪ್’ ಎಂದು ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಹಿತವಾದದ್ದನ್ನು ಆರಿಸಿ. ಎಚ್‌ಡಿಎಂಐಯಲ್ಲಿ ಕಪ್ಪು ಬೂದಾಗಿ ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಬಣ್ಣದ ವ್ಯಾಪ್ತಿಯನ್ನು ‘ಲಿಮಿಟೆಡ್’ನಿಂದ ‘ಫುಲ್’ಗೆ ಬದಲಿಸಿ.

ಮಾನಿಟರ್‌ನ ಮೆನುವಿನಲ್ಲಿ ಶಾರ್ಪ್‌ನೆಸ್ ಕಂಪನಿ ಇಟ್ಟಲ್ಲೇ ಬಿಡಿ, ಹೆಚ್ಚಿಸಿದರೆ ಅಕ್ಷರದ ಸುತ್ತ ಬಿಳಿ ಗೆರೆ ಮೂಡುತ್ತದೆ. ಹೊಳಪನ್ನು ಪಕ್ಕದಲ್ಲಿ ಹಿಡಿದ ಬಿಳಿ ಹಾಳೆಯಷ್ಟಕ್ಕೆ ಇಳಿಸಿ. ವಿದ್ಯುತ್ ಖರ್ಚು ದೊಡ್ಡದಲ್ಲ: 35 ವ್ಯಾಟ್‌ನ ಮಾನಿಟರ್ ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ ಸುಮಾರು 8.4 ಯೂನಿಟ್. ಕರೆಂಟು ಹೋಗಿ ಬರುವ ಊರಾದರೆ ಸಿಪಿಯು ಜೊತೆ ಮಾನಿಟರನ್ನೂ ಯುಪಿಎಸ್‌ಗೇ ಸಿಕ್ಕಿಸಿ.

ಒರೆಸಲು ಮೈಕ್ರೋಫೈಬರ್ ಬಟ್ಟೆಗೆ ಸ್ವಲ್ಪ ನೀರು ಸಾಕು. ನೀರನ್ನು ಪರದೆಗೆ ನೇರವಾಗಿ ಸಿಂಪಡಿಸಿದರೆ ಕೆಳ ಅಂಚಿನಿಂದ ಒಳಗಿಳಿದು ಪ್ಯಾನಲ್ ಕೆಡುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಸಂಜೆ ಬೆಳಕಿಗೆ ಬರುವ ಸಣ್ಣ ಹುಳುಗಳು ಗಾಳಿಕಿಂಡಿಯಿಂದ ನುಗ್ಗಿ ಪ್ಯಾನಲ್ ಮತ್ತು ಹಿಂಬೆಳಕಿನ ನಡುವೆ ಓಡಾಡುವುದುಂಟು. ಬೆರಳಲ್ಲಿ ಒತ್ತಬೇಡಿ. ಒತ್ತಿದರೆ ಅದು ಅಲ್ಲೇ ಸತ್ತು ಶಾಶ್ವತ ಕಪ್ಪು ಚುಕ್ಕಿಯಾಗುತ್ತದೆ, ಪ್ಯಾನಲ್ ಬಿಚ್ಚದೆ ತೆಗೆಯಲಾಗದು. ಮಾನಿಟರ್ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಅಂಚಿನ ಹೊರಗೆ ಟಾರ್ಚ್ ಹಚ್ಚಿಡಿ. ಹುಳು ಬೆಳಕಿನ ಕಡೆ ತಾನೇ ನಡೆದು ಹೊರಬರುವ ಸಾಧ್ಯತೆ ಹೆಚ್ಚು.